ಹಡಗಿನಿಂದ ಹಾರಿದವರು

ಗೌರಿಬಿದನೂರು ತಾಲ್ಲೂಕಿನ ಅಲೀಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸೇರಲು ನೂರು ಮೈಲಿಗೂ ಹೆಚ್ಚು ದೂರ ಹೋಗಬೇಕು. ಇಂಥ ಒಳನಾಡಿನ ಊರುಗಳವರಿಗೆ ಕಡಲಯುದ್ಧವೆಂದರೆ ರೇಡಿಯೋ ವಾರ್ತೆಯಲ್ಲಿ ಬಂದ ನಾಲ್ಕು ಮಾತುಗಳೇ ಸರಿ. 1971ರ ಡಿಸೆಂಬರಿನಲ್ಲಿ, ಮನೆಯ ಮಗನೋ ಅಳಿಯನೋ ಸೋದರಮಾವನೋ ನೌಕಾಪಡೆಯ ವೈಮಾನಿಕನಾಗಿದ್ದರೆ, ಮನೆಯವರಿಗೂ ಆ ನಾಲ್ಕು ಮಾತುಗಳೇ ಆಧಾರವಾಗಿದ್ದವು. ಆ ಮಾತುಗಳ ಹಿಂದೆ ಇದ್ದ ಕೆಲಸ ಎಂಥದು? ಅದನ್ನಿಷ್ಟು ತಿಳಿದುಕೊಳ್ಳೋಣ.

ಆಗ ನಮ್ಮ ನೌಕಾಪಡೆಗೆ ಇದ್ದ ವಿಮಾನವಾಹಕ ಹಡಗು ಒಂದೇ. ಅದರ ಹೆಸರು ವಿಕ್ರಾಂತ್. ಬ್ರಿಟನ್ನಿನಿಂದ ಕೊಂಡ ಈ ಹಡಗು 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. ಅದೇ ವರ್ಷ ಮೇ 18ರಂದು ಲೆಫ್ಟಿನೆಂಟ್ ತಹಿಲಿಯಾನಿ ಅದರ ಅಟ್ಟದ ಮೇಲೆ ಮೊದಲ ಜೆಟ್ ವಿಮಾನವನ್ನು ಇಳಿಸಿದರು. ಒಬ್ಬನೇ ಕುಳಿತು ನಡೆಸುವ ಸೀಹಾಕ್ ಜೆಟ್‌ಗಳೂ, ಮೂವರು ಕೂಡುವ ಅಲಿಝೆ ವಿಮಾನಗಳೂ ಅದರ ಮೇಲಿದ್ದವು. ಅಲಿಝೆಯ ಮುಖ್ಯ ಕೆಲಸ ನೀರಿನಡಿಯ ಸಬ್‌ಮರೀನುಗಳನ್ನು ಹುಡುಕುವುದು.

ನೆಲದ ಮೇಲಿನ ವಿಮಾನಕ್ಕೆ ಓಡಲು ಮೈಲಿಯುದ್ದದ ಹಾದಿಯುಂಟು. ಹಡಗಿನ ಉದ್ದವೆಲ್ಲ ಸೇರಿದರೂ ಸುಮಾರು 700 ಅಡಿ. ಆದ್ದರಿಂದ ವಿಮಾನವನ್ನು ಉಗಿಯ ಬಲದಿಂದ, ಕವಣೆಯಲ್ಲಿಟ್ಟು ಬೀಸಿದಂತೆ, ಮುಂದಕ್ಕೆ ಎಸೆಯುತ್ತಾರೆ. ಹಡಗು ಗಾಳಿಗೆ ಎದುರಾಗಿ ವೇಗವಾಗಿ ಸಾಗಿದಷ್ಟೂ ವಿಮಾನ ಸುಲಭವಾಗಿ ಮೇಲೇಳುತ್ತದೆ. ಆದರೆ ಯುದ್ಧಕಾಲಕ್ಕೆ ವಿಕ್ರಾಂತಿನ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟು, ಅದರ ವೇಗ ತಗ್ಗಿತ್ತು. ಹಡಗಿನ ವೇಗ ಕಡಿಮೆಯಾದರೆ, ಬಾಂಬು ಹೊತ್ತ ವಿಮಾನ ಏಳುವುದೂ ಕಷ್ಟ, ಮರಳಿ ಇಳಿಯುವುದೂ ಕಷ್ಟ. ಹೀಗಿದ್ದೂ ಹಡಗನ್ನು ಬಂಗಾಳಕೊಲ್ಲಿಗೆ ಕಳುಹಿಸಿದರು.

ಡಿಸೆಂಬರ್ 4ರ ಬೆಳಿಗ್ಗೆ ಸೀಹಾಕ್‌ಗಳು ಕಾಕ್ಸ್ ಬಜಾರಿನ ಮೇಲೆ ಎರಗಿದವು. ಅದೇ ದಿನ ಚಿತ್ತಗಾಂಗಿನ ಸರದಿಯೂ ಬಂತು. ಮುಂದಿನ ದಿನಗಳಲ್ಲಿ ಖುಲ್ನಾ, ಮೊಂಗ್ಲಾಗಳ ಕಡೆಗೂ ದಾಳಿ ಹರಡಿತು. ಪೂರ್ವದಲ್ಲಿದ್ದ ಪಾಕಿಸ್ತಾನೀ ಸೇನೆಗೆ ಸಮುದ್ರದ ದಾರಿ ಮುಚ್ಚಿತು. ನೆರವು ಬರುವಂತಿಲ್ಲ, ತಪ್ಪಿಸಿಕೊಂಡು ಹೋಗುವಂತಿಲ್ಲ. ಡಿಸೆಂಬರ್ 16ರಂದು ಆ ಸೇನೆ ಢಾಕಾದಲ್ಲಿ ಶರಣಾಯಿತು. ಸೀಹಾಕ್ ದಳದ ನಾಯಕ ಎಸ್. ಕೆ. ಗುಪ್ತ ಹಾಗೂ ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಇಬ್ಬರಿಗೂ ಮಹಾವೀರ ಚಕ್ರ ಸಂದಿತು.

ಗುಂಡಿನ ನಡುವೆ ನುಗ್ಗುವುದೇ ಈ ವೃತ್ತಿಯ ಕಠಿಣ ಭಾಗವೆಂದು ನಾವು ಎಣಿಸುತ್ತೇವೆ. ಮರಳಿ ಬರುವುದೂ ಅದಕ್ಕೆ ಕಡಮೆಯದಲ್ಲ. ಬಿಟ್ಟುಹೋದ ಜಾಗದಲ್ಲಿ ಹಡಗು ಇರುವುದಿಲ್ಲ. ಅದು ಮುಂದೆ ಸಾಗಿರುತ್ತದೆ. ವಿಶಾಲವಾದ ನೀರಿನ ಮೇಲೆ ಅದನ್ನು ಹುಡುಕಬೇಕು. ಕನ್ನಡಿಯಲ್ಲಿ ಹೊಳೆಯುವ ದೀಪವನ್ನು ನೋಡುತ್ತ, ಏಳುತ್ತ ಬೀಳುತ್ತ ಇರುವ ಅಟ್ಟದ ಮೇಲೆ ಇಳಿಯಬೇಕು. ವಿಮಾನದ ಬಾಲದ ಕೊಕ್ಕೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಬೇಕು. ಚಕ್ರ ಅಟ್ಟ ಮುಟ್ಟಿದೊಡನೆ ವೈಮಾನಿಕ ಎಂಜಿನ್ನನ್ನು ನಿಲ್ಲಿಸುವುದಿಲ್ಲ, ಪೂರ್ಣ ಬಲಕ್ಕೆ ಏರಿಸುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಿಬಿಡಬೇಕಲ್ಲ! ನೀರಿಗೆ ಬಿದ್ದವರನ್ನು ಎತ್ತಲು ಪಕ್ಕದಲ್ಲಿ ಹೆಲಿಕಾಪ್ಟರ್ ಕಾದಿರುತ್ತದೆ. ಆ ಕೆಲಸದ ಚೇತಕ್ ಹೆಲಿಕಾಪ್ಟರುಗಳನ್ನು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯೇ ತಯಾರಿಸಿತು.

ಎಲ್ಲರೂ ಮರಳಲಿಲ್ಲ. ಪಶ್ಚಿಮ ಸಮುದ್ರದ ಕಡೆ ಡಿಸೆಂಬರ್ 10ರಂದು ಒಂದು ಅಲಿಝೆ ಶತ್ರು ವಿಮಾನದ ಹೊಡೆತಕ್ಕೆ ಸಿಕ್ಕಿತು. ಅದರಲ್ಲಿದ್ದ ಮೂವರೂ ಮನೆಗೆ ಬರಲಿಲ್ಲ.

ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಗಿ, ಕೆಲಕಾಲ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಒಡೆಯಲ್ಪಟ್ಟಿತು. ಅದೇ ಹೆಸರಿನ ಹೊಸ ಹಡಗು 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಬಂತು. ಹಡಗಿಗೆ ಮತ್ತೊಂದು ಹಡಗು ಬಂದೀತು. ಆ ಅಟ್ಟದ ಮೇಲೆ ಇಳಿದವರ ಮಾತಿಗೆ ಬದಲಿಲ್ಲ. ಅವರಲ್ಲಿ ಬದುಕಿರುವವರು ಈಗ ಎಂಬತ್ತರ ಆಚೀಚೆ. ನಿಮ್ಮ ಬಂಧುಬಳಗದಲ್ಲಿ ಅಂಥವರೊಬ್ಬರಿದ್ದರೆ, ಎಷ್ಟು ಶತ್ರುಗಳನ್ನು ಹೊಡೆದಿರಿ ಎಂದು ಕೇಳಬೇಡಿ. ಹಡಗು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಏನನ್ನಿಸಿತು ಎಂದು ಕೇಳಿ. ಆಗ ಅವರು ಮಾತನಾಡಿಯಾರು.