ಮುಚ್ಚಿಟ್ಟ ಜ್ವರ, ಮುಚ್ಚಿಟ್ಟ ಹಸಿವು

ಕೊರೋನಾದ ಮಾತೆತ್ತಿದರೆ ಈಗ ಹೆಚ್ಚಿನವರು ಮುಖ ತಿರುಗಿಸುತ್ತಾರೆ. "ಮುಗಿದು ಹೋದದ್ದನ್ನು ಯಾಕೆ ಕೆದಕುತ್ತೀರಿ?" ಎನ್ನುತ್ತಾರೆ. ನಿಜ, ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತು ಪರಿಸ್ಥಿತಿ ಕೊನೆಗೊಂಡಿತೆಂದು ಘೋಷಿಸಿತು. ಆದರೆ ಸಹೋದರಿಯರೇ, ನಿಮ್ಮ ಮನೆಯ ಲೆಕ್ಕ ಮುಗಿದಿದೆಯೇ? ಆಗ ಅಡವಿಟ್ಟ ಬಳೆಗಳು ಮರಳಿ ಕೈಗೆ ಬಂದಿವೆಯೇ? ಆಗ ಓದು ಬಿಟ್ಟ ಮಗಳು ಮತ್ತೆ ಪುಸ್ತಕ ಹಿಡಿದಳೇ? ಯಾರೂ ಬಂದು ಸಂತೈಸದೆ ಇದ್ದಾ ಮುಗಿಸಿದ ಆ ವಿಧವೆಯ ಬಳಿ ಕುಳಿತು "ಹೇಗಿದ್ದೀಯಮ್ಮ?" ಎಂದು ಯಾರಾದರೂ ಕೇಳಿದ್ದಾರೆಯೇ?

ರೋಗವು ದೇಹಕ್ಕೆ ಬಂದಿತು. ಅದರ ಜೊತೆಗೆ ಇನ್ನೊಂದು ಕಾಯಿಲೆಯೂ ನಮ್ಮ ಮನೆಗಳನ್ನು ಹೊಕ್ಕಿತು. ಅದು ಮುಚ್ಚಿಡುವ ಕಾಯಿಲೆ. ಜ್ವರವನ್ನು ಮುಚ್ಚಿಟ್ಟೆವು, ಹಸಿವನ್ನು ಮುಚ್ಚಿಟ್ಟೆವು, ಸಾಲವನ್ನು ಮುಚ್ಚಿಟ್ಟೆವು. ಮೊದಲನೆಯ ಕಾಯಿಲೆಗೆ ಲಸಿಕೆ ಬಂದಿತು. ಎರಡನೆಯದು ಈಗಲೂ ನಮ್ಮೊಳಗೇ ಇದೆ. ಅದರ ಬಗ್ಗೆಯೇ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ರೈಲು ನಿಂತ ದಿನಗಳು

ನಾನಿರುವುದು ಬೆಂಗಳೂರಿನ ಓಕಳಿಪುರಂನಲ್ಲಿ. ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಸಂಜೆ ಮನೆಗೆ ಬರುವ ಹೆಣ್ಣು ಮಕ್ಕಳಿಗೆ ಕುರ್‌ಆನ್ ಓದಿಸುತ್ತೇನೆ. ನಮಗೆ ಒಂದು ಕಡೆ ಸಿಟಿ ರೈಲು ನಿಲ್ದಾಣ, ಇನ್ನೊಂದು ಕಡೆ ಶ್ರೀರಾಂಪುರಂ, ಸ್ವಲ್ಪ ದೂರ ನಡೆದರೆ ಮಲ್ಲೇಶ್ವರಂ. ಹಗಲು ರಾತ್ರಿ ರೈಲಿನ ಸದ್ದು ಕೇಳಿಯೇ ನಮ್ಮ ಮಕ್ಕಳು ಬೆಳೆಯುತ್ತಾರೆ.

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. ಅದರ ಬೆನ್ನಿಗೇ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ನಮ್ಮ ಕೇರಿಯ ಮಟ್ಟಿಗೆ ರೈಲು ನಿಂತಿತೆಂದರೆ ಒಲೆ ನಿಂತ ಹಾಗೆ. ನಿಲ್ದಾಣದ ಕೂಲಿ, ಮೆಜೆಸ್ಟಿಕ್‌ನ ಆಟೋ, ಲಾಡ್ಜಿನ ಕೆಲಸ, ಚಹಾದ ಗಾಡಿ ಇವೆಲ್ಲ ಪ್ರಯಾಣಿಕರನ್ನು ನಂಬಿದ ಸಂಪಾದನೆಗಳು.

"ಒಬ್ಬರಿಂದೊಬ್ಬರು ಅಂತರ ಕಾಯ್ದುಕೊಳ್ಳಿ" ಎಂದು ಫೋನು ಹಚ್ಚಿದಾಗಲೆಲ್ಲ ಧ್ವನಿ ಕೇಳಿಸುತ್ತಿತ್ತು. ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಮನೆಯಲ್ಲಿ ಅಂತರ ಎಲ್ಲಿಂದ ತರುವುದು? ಮೂರು ಮನೆಗೆ ಒಂದು ಬಚ್ಚಲು ಇರುವಲ್ಲಿ ಯಾರನ್ನು ಎಲ್ಲಿ ಪ್ರತ್ಯೇಕವಾಗಿ ಇರಿಸುವುದು? ದಿನವಿಡೀ ಹೊರಗಿರುತ್ತಿದ್ದ ಗಂಡಸರು ಮನೆಯಲ್ಲೇ ಉಳಿದರು. ಮಕ್ಕಳೂ ಮನೆಯಲ್ಲೇ. ಅಡುಗೆ, ಪಾತ್ರೆ, ಬಟ್ಟೆ, ಬಂದವರ ಕೈಗೆ ಸೋಪು, ತಂದ ತರಕಾರಿಗೆ ಉಪ್ಪುನೀರು, ಇವೆಲ್ಲವೂ ಹೆಂಗಸರ ಪಾಲಿಗೆ ಬಂದವು. ಸಂಪಾದನೆ ನಿಂತ ಗಂಡಸಿನ ಸಿಟ್ಟು ಕೂಡ ಅನೇಕ ಮನೆಗಳಲ್ಲಿ ಹೆಂಗಸರ ಮೇಲೆಯೇ ಬಿದ್ದಿತು. ಅದನ್ನು ಅವರು ಯಾರಿಗೂ ಹೇಳಿಕೊಳ್ಳಲಿಲ್ಲ.

ಜ್ವರ ಎನ್ನಲು ಹೆದರಿಕೆ

ಭಾರತದಲ್ಲಿ ಕೊರೋನಾದ ಮೊದಲ ಸಾವು ನಮ್ಮ ರಾಜ್ಯದಲ್ಲೇ ಆಯಿತು. ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಬಳಿಕ ವಿದೇಶದಿಂದ ಬಂದವರ ಕೈಗೆ ಮುದ್ರೆ ಬಿತ್ತು, ಮನೆ ಬಾಗಿಲಿಗೆ ಚೀಟಿ ಅಂಟಿತು. ಸೋಂಕು ತಡೆಯಲು ಮಾಡಿದ ಆ ಗುರುತುಗಳನ್ನು ಜನ ಕಳಂಕವೆಂದು ಓದಿದರು.

ಮಾರ್ಚ್ ಕೊನೆಯಲ್ಲಿ ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನ ಸುದ್ದಿ ಬಂದಿತು. ಅಲ್ಲಿ ಸೇರಿದವರಲ್ಲಿ ಅನೇಕರಿಗೆ ಸೋಂಕಿದ್ದದ್ದು ನಿಜ. ಆದರೆ ಕೆಲವು ಟಿ.ವಿ. ಚಾನೆಲ್‌ಗಳಿಗೆ ಅಷ್ಟು ಸಾಕಾಗಲಿಲ್ಲ. ರೋಗಕ್ಕೊಂದು ಧರ್ಮವನ್ನು ಅಂಟಿಸಿದರು. ತರಕಾರಿ ಗಾಡಿಯವನ ಹೆಸರು ಕೇಳಿ ವ್ಯಾಪಾರ ಮಾಡುವ ದಿನಗಳು ಬಂದವು. ಆ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ಜಮಾಅತ್ ಸದಸ್ಯರ ಮೇಲಿನ ಮೊಕದ್ದಮೆಗಳನ್ನು ರದ್ದುಗೊಳಿಸಿ, ಅವರನ್ನು ಬಲಿಪಶು ಮಾಡಲಾಯಿತೆಂಬ ಅಭಿಪ್ರಾಯ ಹೇಳಿತು. ಆದರೆ ಏಪ್ರಿಲ್‌ನಲ್ಲಿ ಆದ ಗಾಯಕ್ಕೆ ಆಗಸ್ಟ್‌ನಲ್ಲಿ ಸಿಕ್ಕ ಮುಲಾಮು ಅದು.

ಈ ಅಪವಾದದ ಫಲವೇನಾಯಿತು ಗೊತ್ತೇ? ಜನ ಜ್ವರವನ್ನು ಬಚ್ಚಿಡತೊಡಗಿದರು. ತಾಯಂದಿರು ಮಕ್ಕಳಿಗೆ "ಹೊರಗೆ ಕೆಮ್ಮಬೇಡ" ಎಂದು ಗದರಿದರು. ಮುದುಕರು ದಿಂಬಿಗೆ ಬಾಯಿ ಒತ್ತಿ ಕೆಮ್ಮಿದರು. ಪರೀಕ್ಷೆ ಮಾಡಿಸಿದರೆ ಇಡೀ ಗಲ್ಲಿಗೆ ಬೇಲಿ ಬೀಳುತ್ತದೆ, ಎಲ್ಲರ ಶಾಪ ನಮ್ಮ ಮನೆಗೆ ತಟ್ಟುತ್ತದೆ ಎಂಬ ಹೆದರಿಕೆ. ಅದೇ ಏಪ್ರಿಲ್‌ನಲ್ಲಿ ಪಾದರಾಯನಪುರಕ್ಕೆ ಸೀಲ್‌ಡೌನ್ ಹಾಕಲಾಯಿತು. ಏಪ್ರಿಲ್ 19ರ ರಾತ್ರಿ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ಅಲ್ಲಿ ಕೆಲವರು ದಾಳಿ ಮಾಡಿದರು. ಅದು ಖಂಡಿತ ತಪ್ಪು. ನಮ್ಮ ಜೀವ ಉಳಿಸಲು ಬಂದವರ ಮೇಲೆ ಕೈ ಎತ್ತುವುದನ್ನು ಯಾವ ಕಾರಣವೂ ಸಮರ್ಥಿಸಲಾರದು. ಆದರೆ ಹೆದರಿಸಿದರೆ ಜನ ಬಾಗಿಲು ತೆರೆಯುವುದಿಲ್ಲ ಎಂಬುದೂ ಅಷ್ಟೇ ಸತ್ಯ. ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಎರಡು ಫ್ಲ್ಯಾಟ್‌ಗಳ ಬಾಗಿಲಿಗೆ ತಗಡು ಬಡಿದು ಮುಚ್ಚಲಾಯಿತು. ಒಳಗೆ ಮಕ್ಕಳೂ ವೃದ್ಧರೂ ಇದ್ದರು. ಪಾಲಿಕೆಯ ಆಯುಕ್ತರು ಕ್ಷಮೆ ಕೇಳಿ ತಗಡು ತೆಗೆಸಿದರು.

ಇದು ಹೊಸತೇನೂ ಅಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು ರೈಲಿನ ದಾರಿಯಲ್ಲೇ. ಆಗಲೂ ರೋಗಿಗಳನ್ನು ಬಲವಂತವಾಗಿ ಶಿಬಿರಗಳಿಗೆ ಒಯ್ಯುತ್ತಾರೆಂದು ಹೆದರಿ ಜನ ತಮ್ಮವರನ್ನು ಮನೆಯೊಳಗೆ ಅಡಗಿಸಿದರು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಹೋಗಲೆಂದೇ ಮಲ್ಲೇಶ್ವರಂ, ಬಸವನಗುಡಿ ಬಡಾವಣೆಗಳು ಬೆಳೆದವು. 2020ರಲ್ಲಿ ನಮ್ಮ ಮೇಲೆ ಜಾರಿಯಾದ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಪ್ಲೇಗಿನ ಕಾಲದ್ದೇ, 1897ರದ್ದು.

ಪ್ರವಾದಿ(ಸ)ರವರು ಹದಿನಾಲ್ಕು ಶತಮಾನಗಳ ಹಿಂದೆಯೇ ಈ ವಿಷಯದಲ್ಲಿ ದಾರಿ ತೋರಿಸಿದ್ದಾರೆ. ಸಾಂಕ್ರಾಮಿಕ ಹರಡಿದ ಊರಿಗೆ ಹೋಗಬಾರದು, ಆ ಊರಿನಲ್ಲಿದ್ದವರು ಓಡಿ ಹೋಗಬಾರದು ಎಂದು ಅವರು ಕಲಿಸಿದರು. ಹಝ್ರತ್ ಉಮರ್(ರ) ಸಿರಿಯಾದ ಕಡೆಗೆ ಹೊರಟವರು ಅಲ್ಲಿ ಪ್ಲೇಗ್ ಇರುವ ಸುದ್ದಿ ಕೇಳಿ ಅರ್ಧದಾರಿಯಿಂದಲೇ ಮರಳಿದರು. ಈ ಬೋಧನೆಯಂತೆ ನಡೆಯಬೇಕಾದರೆ ರೋಗ ಎಲ್ಲಿದೆಯೆಂದು ಮೊದಲು ಗೊತ್ತಾಗಬೇಕಲ್ಲವೇ? ಬಚ್ಚಿಟ್ಟರೆ ಗೊತ್ತಾಗುವುದು ಹೇಗೆ?

ರಮಝಾನಿನ ಖಾಲಿ ಡಬ್ಬಿಗಳು

ಆ ವರ್ಷ ರಮಝಾನ್ ಉಪವಾಸಗಳು ಏಪ್ರಿಲ್ 25ರಂದು ಆರಂಭವಾದವು. ಮಸೀದಿಗಳು ಮುಚ್ಚಿದ್ದವು. ತರಾವೀಹ್ ಮನೆಗೆ ಬಂದಿತು. ಹಿಂದೆಲ್ಲ ಗಂಡಸರು ಮಸೀದಿಯಲ್ಲಿ, ಹೆಂಗಸರು ಅಡುಗೆಮನೆಯಲ್ಲಿ ಇರುತ್ತಿದ್ದರು. ಈಗ ಮಗ ಇಮಾಮನಾಗಿ ನಿಂತ, ಹಿಂದೆ ಅಬ್ಬಾ, ಅವರ ಹಿಂದೆ ಅಮ್ಮೀ, ಅಕ್ಕ ತಂಗಿಯರು. ಆ ಸಾಲು ಆ ದಿನಗಳ ಸಿಹಿ ನೆನಪು. ಮಸೀದಿಗಳು ಜೂನ್ 8ರ ನಂತರವಷ್ಟೇ ತೆರೆದವು.

ಆದರೆ ಇಫ್ತಾರ್‌ನ ತಟ್ಟೆ ಎಲ್ಲರಲ್ಲೂ ತುಂಬಿರಲಿಲ್ಲ. ಪಡಿತರ ಚೀಟಿ ಇದ್ದವರಿಗೆ ಕೇಂದ್ರದ ಯೋಜನೆಯಲ್ಲಿ ತಲಾ 5 ಕೆ.ಜಿ. ಧಾನ್ಯ ಬಂದಿತು. ಜನಧನ್ ಖಾತೆಯಿದ್ದ ಮಹಿಳೆಯರಿಗೆ ಮೂರು ತಿಂಗಳು 500 ರೂಪಾಯಿಯಂತೆ ಸಿಕ್ಕಿತು. ಆಟೋ ಚಾಲಕರಿಗೆ 5,000 ರೂಪಾಯಿ ಕೊಡುವುದಾಗಿ ರಾಜ್ಯ ಸರಕಾರ ಮೇ ತಿಂಗಳಲ್ಲಿ ಘೋಷಿಸಿತು. ಇವು ತಲುಪಿದವರಿಗೆ ಆಸರೆಯಾದವು. ಚೀಟಿಯೂ ಇಲ್ಲದ, ಕೈ ಚಾಚಲೂ ಬಾರದ ಮನೆಗಳು ನಡುವೆ ಸಿಕ್ಕಿಬಿದ್ದವು. ಬಾಡಿಗೆ ಮನೆಯ ದರ್ಜಿ, ಅರ್ಧ ಸಂಬಳದ ಶಿಕ್ಷಕಿ, ಸಾಲದಲ್ಲಿ ಆಟೋ ಕೊಂಡವನು. ರೇಷನ್ ಕಿಟ್ ಹಂಚುವವರು ಫೋಟೋ ತೆಗೆಯುತ್ತಾರೆಂದು ಬಾಗಿಲು ಮುಚ್ಚಿಕೊಂಡ ಹೆಂಗಸರನ್ನು ನಾನು ಬಲ್ಲೆ. ದಾನ ಕೊಡುವವರ ಮೊಬೈಲ್ ಕ್ಯಾಮರಾ ಎಷ್ಟು ಮನೆಗಳಲ್ಲಿ ಹಸಿವನ್ನು ಮುಚ್ಚಿಡಿಸಿತೋ! ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಬೋಧನೆ ನಮ್ಮಲ್ಲಿಲ್ಲವೇ?

ಇದಕ್ಕೆ ವಿರುದ್ಧವಾದ ಮಾದರಿಯೂ ನಮ್ಮ ಗಲ್ಲಿಯಲ್ಲಿತ್ತು. ಎದುರು ಮನೆಯ ತಮಿಳು ಅಕ್ಕ ಬೆಳಿಗ್ಗೆ ಬಾಗಿಲಿಂದಲೇ "ಇವತ್ತು ನಿಮ್ಮಲ್ಲಿ ಏನು ಅಡುಗೆ?" ಎಂದು ಪ್ರತಿ ಮನೆಗೂ ಕೂಗಿ ಕೇಳುತ್ತಿದ್ದರು. ಉತ್ತರ ತಡವಾದ ಮನೆಗೆ ಮಧ್ಯಾಹ್ನ ಒಂದು ಡಬ್ಬಿ ಸಾರು ಬರುತ್ತಿತ್ತು. ಯಾರೂ ಕೇಳಲಿಲ್ಲ, ಯಾರೂ ಫೋಟೋ ತೆಗೆಯಲಿಲ್ಲ.

ಮನೆಗೊಂದೇ ಫೋನು

ಶಿಕ್ಷಕಿಯಾದ ನನ್ನನ್ನು ಹೆಚ್ಚು ಕಾಡಿದ್ದು ಮಕ್ಕಳ ಓದು. 2020ರ ಜುಲೈಯಿಂದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗಸ್ಟ್‌ನಲ್ಲಿ ಸರಕಾರಿ ಶಾಲೆಯ ಮಕ್ಕಳಿಗಾಗಿ ವಿದ್ಯಾಗಮ ಶುರುವಾಯಿತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲುತ್ತಿದೆಯೆಂದು ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಹತ್ತನೆಯ ತರಗತಿಯವರು 2021ರ ಜನವರಿ 1ರಂದು ಶಾಲೆಗೆ ಮರಳಿದರು. ಒಂದರಿಂದ ಐದನೆಯ ತರಗತಿಯ ಪುಟ್ಟ ಮಕ್ಕಳು ಮರಳಿದ್ದು 2021ರ ಅಕ್ಟೋಬರ್ 25ರಂದು. ಅಂದರೆ ಒಂದೂವರೆ ವರ್ಷ ಕಳೆದ ಮೇಲೆ. ಅಕ್ಷರ ಕಲಿಯುವ ವಯಸ್ಸಿನ ಮಗುವಿಗೆ ಇದು ಎಷ್ಟು ದೀರ್ಘ ಕಾಲವೆಂದು ಯೋಚಿಸಿ.

ಖಾಸಗಿ ಶಾಲೆಗಳು ಮೊಬೈಲಿನಲ್ಲಿ ತರಗತಿ ನಡೆಸಿದವು. ಮನೆಯಲ್ಲಿರುವುದು ಒಂದೇ ಫೋನು, ಮಕ್ಕಳು ಮೂವರು. ಮೊದಲು ಯಾರ ಕೈಗೆ ಬಂದಿತು? ಅಣ್ಣನ ಕೈಗೆ, ಆಮೇಲೆ ತಮ್ಮನ ಕೈಗೆ. ಹುಡುಗಿಯ ಸರದಿ ಬರುವಷ್ಟರಲ್ಲಿ ಡಾಟಾ ಮುಗಿದಿರುತ್ತಿತ್ತು, ಅಥವಾ ಅವಳು ರೊಟ್ಟಿ ಲಟ್ಟಿಸುತ್ತಿದ್ದಳು. "ಅವಳಿಗೆ ಆಸಕ್ತಿ ಇಲ್ಲ ಮೇಡಂ" ಎಂದು ತಾಯಿ ಹೇಳುತ್ತಿದ್ದರು. ಇದೂ ಒಂದು ಮುಚ್ಚಿಡುವಿಕೆ. ಫೀಸು ಕಟ್ಟಲಾಗಲಿಲ್ಲವೆಂದು ಹೇಳಲು ನಾಚಿ ಆಸಕ್ತಿಯಿಲ್ಲವೆಂದರು. ಹತ್ತನೆಯ ತರಗತಿಗೆ ಬಾರದೆ ಮನೆಯಲ್ಲುಳಿದ ಆ ಹುಡುಗಿಯರಲ್ಲಿ ಕೆಲವರು ಈಗ ಎರಡು ಮಕ್ಕಳ ತಾಯಂದಿರು.

ಎರಡನೆಯ ಅಲೆ

2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಮಂದಿಗೆ ಸೋಂಕು ದಾಖಲಾಯಿತು. ಅದಕ್ಕೆ ಎರಡು ದಿನ ಮೊದಲು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ 24 ರೋಗಿಗಳು ಕೊನೆಯುಸಿರೆಳೆದ ಸುದ್ದಿ ಬಂದಿತ್ತು. ಬೆಂಗಳೂರಿನಲ್ಲಿ ಹಾಸಿಗೆ ಸಿಗಬೇಕಾದರೆ 'ಬಿಯು ನಂಬರ್' ಬೇಕಿತ್ತು. ಪರೀಕ್ಷೆ ಮಾಡಿಸಿ ಪಾಸಿಟಿವ್ ಬಂದವರಿಗೆ ಮಾತ್ರ ಆ ನಂಬರ್. ವಾರಗಟ್ಟಲೆ ಜ್ವರ ಮುಚ್ಚಿಟ್ಟು, ಉಸಿರು ಸಿಕ್ಕಿಕೊಂಡ ಮೇಲೆ 1912ಕ್ಕೆ ಫೋನು ಮಾಡಿದವರು ಆ ನಂಬರಿಗಾಗಿ ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಂಡರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ತಡಮಾಡಬಾರದೆಂದು ಎಷ್ಟೋ ಮನೆಗಳಿಗೆ ತಿಳಿದಾಗ ಹೊತ್ತು ಮೀರಿತ್ತು.

ಪರೀಕ್ಷೆ ಮಾಡಿಸದೆ ಮನೆಯಲ್ಲೇ ತೀರಿಕೊಂಡವರ ಕುಟುಂಬಕ್ಕೆ ಇನ್ನೊಂದು ಪೆಟ್ಟು ಬಿದ್ದಿತು. ಮೃತರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ದುಡಿಯುವವರನ್ನು ಕಳೆದುಕೊಂಡ ಬಿ.ಪಿ.ಎಲ್. ಕುಟುಂಬಕ್ಕೆ ರಾಜ್ಯವು ಒಂದು ಲಕ್ಷ ಘೋಷಿಸಿತು. ಆದರೆ ಕೊರೋನಾದಿಂದಲೇ ಸಾವು ಬಂತೆಂದು ತೋರಿಸುವ ಕಾಗದ ಬೇಕಲ್ಲ! ಅಂದು ಮುಚ್ಚಿಟ್ಟ ಜ್ವರ ನಾಳೆ ಯತೀಮ್ ಮಕ್ಕಳ ಹಕ್ಕನ್ನೂ ಮುಚ್ಚಿಹಾಕಿತು.

ಅದೇ ಕತ್ತಲೆಯಲ್ಲಿ ಬೆಳಕು ಹಿಡಿದವರೂ ಇದ್ದರು. ಬೆಂಗಳೂರಿನ ಮುಸ್ಲಿಂ ಸಂಘಟನೆಗಳು ಕೂಡಿ ಕಟ್ಟಿದ ಮರ್ಸಿ ಮಿಷನ್‌ನ ಸ್ವಯಂಸೇವಕರು ಆಮ್ಲಜನಕ ಒದಗಿಸಿದರು. ಸ್ವಂತ ಬಂಧುಗಳೇ ಮುಟ್ಟಲು ಹೆದರಿದ ಶವಗಳಿಗೆ, ಯಾವ ಧರ್ಮದವರೆಂದು ನೋಡದೆ, ಅವರವರ ಪದ್ಧತಿಯಂತೆ ಅಂತ್ಯಕ್ರಿಯೆ ನೆರವೇರಿಸಿದರು. ತರಕಾರಿಯವನ ಹೆಸರು ಕೇಳಿದ ಊರಿನಲ್ಲೇ ಇದು ನಡೆಯಿತು.

ಈಗ ಏನು ಮಾಡೋಣ?

ಸಹೋದರಿಯರೇ, ನಾಳೆ ಇನ್ನೊಂದು ರೋಗ ಬಂದೀತು. ಬಾರದೆಯೂ ಇದ್ದೀತು. ಆದರೆ ಮುಚ್ಚಿಟ್ಟ ಗಾಯಗಳು ಇಂದೇ ನಮ್ಮ ಮುಂದಿವೆ.

ನಿಮ್ಮ ಮನೆಯ ಸಾಲದ ಲೆಕ್ಕವನ್ನು ಗಂಡನೊಡನೆ ಕುಳಿತು ಒಂದು ಕಾಗದದಲ್ಲಿ ಬರೆಯಿರಿ. 2020ರಲ್ಲಿ ಬ್ಯಾಂಕುಗಳು ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಬಿಟ್ಟಾಗ ಬಡ್ಡಿ ಬೆಳೆಯುತ್ತಲೇ ಇತ್ತೆಂಬುದು ಅನೇಕರಿಗೆ ಗೊತ್ತಾಗಲಿಲ್ಲ. ಗೊತ್ತಿಲ್ಲದ ಸಾಲವೇ ಹೆಚ್ಚು ಕೊಲ್ಲುತ್ತದೆ. ಝಕಾತ್ ಕೊಡುವವರಾದರೆ ಬಾಗಿಲಿಗೆ ಬಂದವರ ಜೊತೆಗೆ ಬಾರದವರನ್ನೂ ಹುಡುಕಿ. ಸಾಲದಲ್ಲಿ ಮುಳುಗಿದವರೂ ಝಕಾತಿನ ಹಕ್ಕುದಾರರೆಂದು ಕುರ್‌ಆನ್ ಹೇಳಿದೆ.

ನಿಮ್ಮ ಗಲ್ಲಿಯಲ್ಲಿ ಆಗ ಓದು ಬಿಟ್ಟ ಹುಡುಗಿಯರು ಯಾರೆಂದು ನಿಮಗೆ ಗೊತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಬಹುದು. ಮದುವೆಯಾದವಳೂ ಕಟ್ಟಬಹುದು. ಅವಳ ಅತ್ತೆಯೊಡನೆ ಮಾತನಾಡಲು ಒಬ್ಬರು ಮುಂದಾದರೆ ಸಾಕು.

ಆ ದಿನಗಳಲ್ಲಿ ತಮ್ಮವರನ್ನು ಕಳೆದುಕೊಂಡವರ ಮನೆಗೆ ಒಮ್ಮೆ ಹೋಗಿ ಬನ್ನಿ. ಅವರು ಮಯ್ಯಿತ್‌ನ ಮುಖ ನೋಡಲಿಲ್ಲ, ಜನಾಝಾಕ್ಕೆ ಜನ ಸೇರಲಿಲ್ಲ, ಸಂತಾಪಕ್ಕೂ ಯಾರೂ ಬರಲಿಲ್ಲ. ತಡವಾಯಿತೆಂದು ಸಂಕೋಚಪಡಬೇಡಿ. ತೀರಿಕೊಂಡವರ ಹೆಸರು ಹಿಡಿದು ಮಾತನಾಡಿ. ಅವರು ಅಳಲಿ, ತಡೆಯಬೇಡಿ.

ಮುಖ್ಯವಾಗಿ, ನಮ್ಮ ಮಕ್ಕಳು "ಅಮ್ಮೀ, ನನಗೆ ಹುಷಾರಿಲ್ಲ", "ಅಮ್ಮೀ, ನನಗೆ ಭಯವಾಗುತ್ತಿದೆ" ಎಂದು ಹೆದರದೆ ಹೇಳುವ ಮನೆಗಳನ್ನು ಕಟ್ಟೋಣ. ಹೇಳಿಕೊಂಡ ಜ್ವರಕ್ಕೆ ಮದ್ದಿದೆ. ಹೇಳಿಕೊಂಡ ಹಸಿವಿಗೆ ನೆರೆಮನೆಯ ಡಬ್ಬಿಯಿದೆ. ನಿಮ್ಮ ನೆರೆಯವಳನ್ನು ಇವತ್ತೇ ಕೇಳಿ ನೋಡಿ, "ಇವತ್ತು ನಿಮ್ಮಲ್ಲಿ ಏನು ಅಡುಗೆ?"