ಸಿಮೆಂಟಿನ ಎತ್ತಿಗೆ ಮೇವು ಹಾಕುವವರು ಯಾರು?

ಅಂಗಡಿಕಾರನಿಗೆ ರಜೆ ಎಂಬುದುಂಟೆ? ಹಬ್ಬ ಬಂದರೆ ಗಿರಾಕಿ ಹೆಚ್ಚು, ಲಗ್ನಸರಾಯಿ ಬಂದರೆ ಇನ್ನೂ ಹೆಚ್ಚು. ಊರಿಗೆಲ್ಲ ರವಿವಾರವಾದರೆ ಅವನಿಗೆ ಮಾತ್ರ ಅದು ವಾರದ ಏಳನೆಯ ದುಡಿಮೆಯ ದಿನ.

ಗದಗಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಸ್ನೇಹಿತರೊಬ್ಬರು ಇಂಥವರಲ್ಲೊಬ್ಬರು. ಮೂಲ ಊರು ರೋಣ ತಾಲೂಕಿನ ಅಸೂಟಿ. ಅಂಗಡಿ ಹಾಕಿ ಇಪ್ಪತ್ತೆರಡು ವರ್ಷವಾಯಿತು. ಒಂದು ದಿನವಾದರೂ ಬಾಗಿಲು ಹಾಕಿ ಎಲ್ಲಿಗಾದರೂ ಹೋಗಿ ಬರ್ರಿ ಎಂದರೆ ಅವರ ಉತ್ತರ ಯಾವಾಗಲೂ ಒಂದೇ: "ನಮ್ಮ ಊರಿನ ಹೆಸರೇ ಅಸೂಟಿ ಐತ್ರೀ. ನಮಗೆಲ್ಲಿಂದ ಬರಬೇಕು ಸೂಟಿ?"

ಆದರೆ ದಸರೆಯ ಸೂಟಿಯಲ್ಲಿ ಮನೆಯ ಇಬ್ಬರು ಹುಡುಗರು ಪಟ್ಟು ಹಿಡಿದರು. ಸಾಲಿಯಲ್ಲಿ ಎಲ್ಲರೂ ರೆಸಾರ್ಟು, ತೋಟ ಎಂದು ನೋಡಿ ಬಂದಿದ್ದಾರೆ, ನಾವು ಮಾತ್ರ ಇಲ್ಲ ಎಂದು ಊಟ ಬಿಟ್ಟರು. ಸಾಹುಕಾರರು ಸೋತರು. ಒಂದು ರವಿವಾರ ಅಂಗಡಿಗೆ ಬೀಗ ಬಿತ್ತು. ಬಾಡಿಗೆಗೆ ಒಂದು ಕ್ರೂಸರ್ ಗಾಡಿ ಬಂತು. "ನೀವೂ ಬರ್ರಿ, ಪೇಪರಿಗೆ ಬರೀಲಿಕ್ಕೆ ಏನರ ಸಿಕ್ಕೀತು" ಎಂದು ನನ್ನನ್ನೂ ಹತ್ತಿಸಿಕೊಂಡರು.

ಎಪ್ಪತ್ತೆಂಟು ವರ್ಷದ ಅಜ್ಜಿ ಮಾತ್ರ ಒಲ್ಲೆ ಎಂದು ಕೂತಿದ್ದರು. "ನಂದೇನ್ ಐತಿ ಅಲ್ಲಿ? ಮೊಣಕಾಲು ಹಿಡದಾವು. ನೀವ ಹೋಗಿ ಬರ್ರಿ." ಹುಡುಗರು ಬಿಡಬೇಕಲ್ಲ! ಎರಡೂ ಕೈ ಹಿಡಿದು ತಂದು ಮುಂದಿನ ಸೀಟಿನಲ್ಲಿ ಕೂಡಿಸಿದರು.

ತೋಟವೇ ಪ್ರವಾಸದ ತಾಣ

ನಮ್ಮ ಕಡೆ ಈಗ ಒಂದು ದಿನದ ಪ್ರವಾಸಕ್ಕೆ ಜಾಗಗಳಿಗೆ ಬರಗಾಲವಿಲ್ಲ. ಹುಬ್ಬಳ್ಳಿ-ಲಕ್ಷ್ಮೇಶ್ವರ ರಸ್ತೆಯಲ್ಲಿ ಅಗಡಿ ತೋಟವಿದೆ. ಸಾವಯವ ಬೇಸಾಯದ ತೋಟಕ್ಕೆ ಪೇಟೆಯ ಜನ ಮಕ್ಕಳು ಮರಿ ಸಮೇತ ಹೋಗಿ ರೊಟ್ಟಿ ಊಟ ಮಾಡಿ ಬರುತ್ತಾರೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಹುಬ್ಬಳ್ಳಿ-ಹಾವೇರಿ ಹೆದ್ದಾರಿಯ ಮೇಲೆ, ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸಿನ ಫಲವಾದ ಈ ಉದ್ಯಾನ 2009ರಲ್ಲಿ ಜನರಿಗೆ ತೆರೆಯಿತು. ಜಾನಪದ ವಿಶ್ವವಿದ್ಯಾಲಯ ಬಂದದ್ದೂ ಅದೇ ಗೊಟಗೋಡಿಗೆ, 2011ರಲ್ಲಿ.

ನಮ್ಮ ಗಾಡಿ ಹೊರಟದ್ದು ಗೊಟಗೋಡಿಗೆ. ದಾರಿಯಲ್ಲಿ ಲಕ್ಷ್ಮೇಶ್ವರ ಹಾಯಬೇಕು. ಆದಿಕವಿ ಪಂಪ ಯಾವ ಸೀಮೆಯ ಕನ್ನಡವನ್ನು ಮೆಚ್ಚಿದನೋ ಆ ಪುಲಿಗೆರೆ ಇದೇ. ಅಲ್ಲಿಂದ ಮುಂದೆ ಒಂದು ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಮನೆಯಲ್ಲಿ ರೊಟ್ಟಿ ಎಂದರೆ ಮುಖ ಸಿಂಡರಿಸುವ ಹುಡುಗರು ಅಲ್ಲಿ ತಲೆಗೆ ಎರಡೆರಡು ಮುರಿದರು. ಗಾಳಿಗೆ ಕೂತು ಉಂಡರೆ ಹಸಿವೆಯೇ ಬೇರೆ.

ಬಣ್ಣದ ಹಳ್ಳಿ

ಉದ್ಯಾನದ ಮುಂಭಾಗದಲ್ಲೇ ಡಾ. ರಾಜಕುಮಾರ್ ನಾನಾ ಪಾತ್ರಗಳಲ್ಲಿ ನಿಂತಿದ್ದಾರೆ. ಸಾಹುಕಾರರು ಅಲ್ಲೇ ಅರ್ಧ ತಾಸು ಕಳೆದರು. ಒಳಗೆ ಹೋದರೆ ಒಂದು ಇಡೀ ಹಳ್ಳಿ. ಆಳೆತ್ತರದ ಸಿಮೆಂಟಿನ ಮೂರ್ತಿಗಳು. ಬಡಿಗ, ಕಂಬಾರ, ಕುಂಬಾರ ತಮ್ಮ ತಮ್ಮ ಕಾಯಕದಲ್ಲಿ ಇದ್ದಾರೆ. ದೂರದಿಂದ ನೋಡಿದವರು ದಾರಿ ಕೇಳಲು ಹೋದರೂ ಆಶ್ಚರ್ಯವಿಲ್ಲ. ಆ ಕೈಗಳ ಕಸುಬು ಅಷ್ಟು ಚೊಕ್ಕ.

ಹುಡುಗರು ಮೊಬೈಲು ಹಿಡಿದು ಮೂರ್ತಿ ಮೂರ್ತಿಗೂ ಫೋಟೋ ತೆಗೆಯುತ್ತ ಓಡಿದರು. "ಅಪ್ಪಾ, ಇದೇನು? ಅದೇನು?" ಎಂದು ಒಂದೇ ಸಮನೆ ಪ್ರಶ್ನೆ. ಸಾಹುಕಾರರಿಗೆ ಕೆಲವು ಗೊತ್ತು, ಕೆಲವು ಮರೆತಿವೆ. ಕಡೆಗೆ ಎಲ್ಲ ಪ್ರಶ್ನೆಗಳೂ ಅಜ್ಜಿಯ ಕಡೆ ತಿರುಗಿದವು. ಬರಲು ಒಲ್ಲೆ ಎಂದಿದ್ದ ಅಜ್ಜಿ ಈಗ ಮಾಸ್ತರರಾದರು! ಇದು ಕೂರಿಗಿ, ಇದರಿಂದ ಬಿತ್ತತಾರ. ಇದು ಕುಂಟಿ, ಇದರಿಂದ ಹರಗತಾರ. ಹಗೇವು ಅಂದರೆ ನೆಲದಾಗ ಜೋಳ ತುಂಬಿ ಇಡೂದು. ನಮ್ಮ ಮನ್ಯಾಗೂ ಇತ್ತು.

"ಎಲ್ಲಿ ಹೋತು?" ಎಂದ ಸಣ್ಣವ.

"ಮುಚ್ಚಿದಿವಪಾ" ಎಂದರು ಅಜ್ಜಿ.

ಎತ್ತಿನ ಜೋಡಿಯ ಮುಂದೆ ಬಂದಾಗ ಅವರು ನಿಂತುಬಿಟ್ಟರು. ಹುಡುಗರು ಎಳೆದರೂ ಕದಲಲಿಲ್ಲ. ಕೈಚಾಚಿ ಒಂದರ ಡುಬ್ಬದ ಮೇಲೆ ಸವರಿದರು. ಆಮೇಲೆ, "ಚೆಂದ ಮಾಡ್ಯಾರ. ಮೇವಿನ ತ್ರಾಸಿಲ್ಲ, ನೀರಿನ ತ್ರಾಸಿಲ್ಲ. ನಾವೂ ಇಂಥಾವನ್ನ ಕಟ್ಟಿದ್ರ ಮಾರೂ ಪ್ರಸಂಗ ಬರ್ತಿದ್ದಿಲ್ಲ ನೋಡು" ಎಂದರು.

ಎಲ್ಲರೂ ನಕ್ಕರು. ಸಾಹುಕಾರರು ಮಾತ್ರ ನಗಲಿಲ್ಲ.

ನಾಲ್ಕು ಎಕರೆಯ ಕಥೆ

ಕಾರಣ ಅವರೇ ತಿರುಗಿ ಬರುವಾಗ ಹೇಳಿದರು. ಅಸೂಟಿಯಲ್ಲಿ ನಾಲ್ಕು ಎಕರೆ ಎರಿ ಹೊಲವಿದೆ. ತಂದೆ ತೀರಿಕೊಂಡ ವರ್ಷ ಎತ್ತು ಮಾರಿದರು. ಹೊಲ ಲಾವಣಿಗೆ ಹೋಯಿತು. ಎತ್ತು ಕಟ್ಟಬೇಕೆಂದರೆ ವರ್ಷವಿಡೀ ಮೇವು ಬೇಕು, ನೋಡಿಕೊಳ್ಳಲು ಒಬ್ಬ ಆಳು ಬೇಕು. ಟ್ರ್ಯಾಕ್ಟರಾದರೆ ಬಾಡಿಗೆ ಕೊಟ್ಟರೆ ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ತಪ್ಪು ಹಿಡಿಯುವಂತಿಲ್ಲ.

ಈಗ ಹೊಲಕ್ಕೇ ಗಿರಾಕಿ ಬಂದಿದ್ದಾರೆ. ಮಗಳ ಕಾಲೇಜು, ಅಂಗಡಿಯ ಸಾಲ ಎರಡೂ ಒಮ್ಮೆಲೇ ತೀರುತ್ತವೆ. ಮಾತುಕತೆ ಬಹಳ ಮುಂದೆ ಹೋಗಿದೆ. ಅಜ್ಜಿಗೆ ಇನ್ನೂ ಹೇಳಿಲ್ಲ.

ಹಿಂದಿನ ಸೀಟಿನಲ್ಲಿ ನಾವು ಪಿಸುಮಾತಿನಲ್ಲಿ ಆಡಿದ್ದು ಮುಂದೆ ಕೂತವರಿಗೆ ಹೇಗೆ ಕೇಳಿಸಿತೋ! ಮುಳಗುಂದ ದಾಟಿದ ಮೇಲೆ ಅಜ್ಜಿ ತಿರುಗಿ ನೋಡದೆಯೇ ಅಂದರು: "ಮಾರೂದಾದ್ರ ಮಾರಪಾ. ಅಡ್ಡ ಬರಂಗಿಲ್ಲ. ಆದ್ರ ಒಂದ್ ಸಲ ಎಲ್ಲಾರನೂ ಕರಕೊಂಡು ಹೋಗಿ ಚರಗಾ ಚೆಲ್ಲಿ ಬರೂಣು. ಈ ಹುಡುಗ್ರು ಸಿಮೆಂಟಿನ ಹೊಲಾ ನೋಡಿದ್ರು, ಮಣ್ಣಿನ ಹೊಲಾನೂ ನೋಡ್ಲಿ."

ಗದಗ ಬರುವತನಕ ಗಾಡಿಯಲ್ಲಿ ಮತ್ತೆ ಮಾತಿಲ್ಲ.

ಟಿಕೆಟ್ಟಿಲ್ಲದ ಪ್ರವಾಸ

ಓದುಗರಿಗೆ ಚರಗದ ಬಗ್ಗೆ ಹೇಳಬೇಕಾದ್ದಿಲ್ಲ. ಆದರೂ ಪೇಟೆಯಲ್ಲೇ ಹುಟ್ಟಿದವರಿಗಾಗಿ ಎರಡು ಮಾತು. ಶೀಗಿ ಹುಣ್ಣಿವಿಗೂ ಎಳ್ಳ ಅಮಾಸಿಗೂ ನಮ್ಮ ಭಾಗದ ಒಕ್ಕಲಿಗರು ಮನೆಮಂದಿಯೆಲ್ಲ ಕೂಡಿ ಹೊಲಕ್ಕೆ ಹೋಗುತ್ತಾರೆ. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಉಣಿಸಬೇಕು ಎಂಬ ಭಾವನೆ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಮಾಡಿ ತಂದ ಅಡಿಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಆಮೇಲೆ ಅಕ್ಕಪಕ್ಕದ ಹೊಲದವರನ್ನೂ ಕರೆದು ಊಟ. ನಮ್ಮ ಹಿರಿಯರಿಗೆ ರೆಸಾರ್ಟು ಎಂದರೆ ಇದೇ ಆಗಿತ್ತು.

ಎಳ್ಳ ಅಮಾಸಿಗೆ ಸಾಹುಕಾರರು ಮತ್ತೊಮ್ಮೆ ಬೀಗ ಹಾಕಿದರು. ಒಂದೇ ವರ್ಷದಲ್ಲಿ ಎರಡು ಸಲ! ಈ ಬಾರಿ ಕ್ರೂಸರ್ ಇಲ್ಲ. ಗದಗಿನಿಂದ ರೋಣದ ಬಸ್ಸು, ಅಲ್ಲಿಂದ ಅಸೂಟಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಶೂನ್ಯ ಟಿಕೆಟ್ಟಿನ ಪ್ರಯಾಣಿಕರು. ರೊಕ್ಕ ಕೊಟ್ಟವರು ಸಾಹುಕಾರರು, ಅವರ ಮಗ ಮತ್ತು ನಾನು. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಎಣ್ಣಿಹೋಳಿಗಿ, ಪುಂಡಿಪಲ್ಯ, ಬುತ್ತಿ. ವಾಸನೆಗೆ ಕಂಡಕ್ಟರರೂ ಎರಡು ಸಲ ತಿರುಗಿ ನೋಡಿದರು.

ಎದೆಮಟ್ಟ ಬಿಳಿಜೋಳ ನಿಂತಿತ್ತು. ಬದಿಯ ಪಟ್ಟಿಯಲ್ಲಿ ಕಡಲೆ. ಲಾವಣಿ ಮಾಡಿದವರೇ ಎದುರು ಬಂದು ಅಜ್ಜಿಯ ಕಾಲಿಗೆ ಬಿದ್ದರು. "ಬರ್ರಿ ಯವ್ವಾ, ಎಷ್ಟ ವರ್ಷಾತು ಬಂದು!" ಎಂದರು. ಅಜ್ಜಿ ಮೊಣಕಾಲು ಮರೆತು ಬದುವಿನ ಗುಂಟ ನಡೆದರು. ಹುಡುಗರು ಹಸಿಕಡಲಿ ಕಿತ್ತು ತಿಂದು ತುಟಿ ಹುಳಿ ಮಾಡಿಕೊಂಡರು. ಅಂದು ಫೋಟೋ ತೆಗೆದದ್ದು ಕಡಿಮೆ. ಎರಿ ಮಣ್ಣು ಮೆತ್ತಿದ ಕೈಯಲ್ಲಿ ಮೊಬೈಲು ಹಿಡಿಯುವುದಾದರೂ ಹೇಗೆ?

ಊಟವಾದ ಮೇಲೆ ಸಣ್ಣವ ಕೇಳಿದ: "ಅಪ್ಪಾ, ಇದು ಯಾರ ಹೊಲ?"

ಸಾಹುಕಾರರು ಒಂದು ಗಳಿಗೆ ಸುಮ್ಮನಿದ್ದು, "ಸದ್ಯಕ್ಕ ನಮ್ಮದ" ಎಂದರು.

ಹೊಲ ಇಲ್ಲದವರು?

ಎಲ್ಲರಿಗೂ ಹೊಲ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನಿಜ. ಆದರೆ ಬೆಟ್ಟದ ಬಂಡೆಗೆ ಆತುಕೊಂಡ ಗಜೇಂದ್ರಗಡದ ಕಾಲಕಾಲೇಶ್ವರ ಇದ್ದಾನೆ. ಸೂಡಿಯಲ್ಲಿ ಜೋಡುಕಳಸದ ಗುಡಿ, ಕೆತ್ತನೆಯ ನಾಗಕುಂಡ ಇವೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿ ಎಂಬ ಹೆಣ್ಣುಮಗಳು ಕಿಸುಕಾಡು ಎಪ್ಪತ್ತನ್ನು ಆಳಿದ್ದು ಆ ಊರಿನಿಂದ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಿದೆ. ಗದಗಿನ ಬಗಲಲ್ಲೇ ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ.

ಗೊಟಗೋಡಿಗೂ ಅವಶ್ಯ ಹೋಗಿ ಬನ್ನಿ. ಅದನ್ನು ಕಟ್ಟಿದ ಕಲಾವಿದರಿಗೆ ಕೈಮುಗಿಯಬೇಕು. ಕಳೆದುಹೋಗುತ್ತಿರುವುದನ್ನು ಅವರು ಮೂರ್ತಿ ಮಾಡಿ ಉಳಿಸಿದ್ದಾರೆ. ಆದರೆ ಹೋಗುವಾಗ ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ. ಅವರಿಲ್ಲದಿದ್ದರೆ ಕೂರಿಗಿ ಯಾವುದು, ಕುಂಟಿ ಯಾವುದು ಎಂದು ಮಕ್ಕಳಿಗೆ ಹೇಳುವವರು ಯಾರು? ಸಿಮೆಂಟಿನ ರೈತನಂತೂ ಬಾಯಿ ಬಿಡುವುದಿಲ್ಲ.

ಅಂದಹಾಗೆ, ಆ ನಾಲ್ಕು ಎಕರೆಯ ಮಾತು ಇನ್ನೂ ಹರಿದಿಲ್ಲ. ಗಿರಾಕಿ ಎರಡು ಸಲ ಅಂಗಡಿಗೆ ಬಂದು ಹೋದರಂತೆ. "ಬರೂ ಎಳ್ಳ ಅಮಾಸಿ ಆಗ್ಲಿ, ಆಮ್ಯಾಲೆ ನೋಡೂಣು" ಎಂದು ಹೇಳಿ ಕಳಿಸಿದ್ದಾರೆ ನಮ್ಮ ಸಾಹುಕಾರರು. ಅಂಗಡಿಯ ಸಾಲ ಮಾತ್ರ ಅಮಾಸಿ ನೋಡಿಕೊಂಡು ನಿಲ್ಲುವುದಿಲ್ಲ. ಅದು ಅವರಿಗೂ ಗೊತ್ತು.