ಮಕ್ಕಳ ತಂಡದಲ್ಲಿ ಎಲ್ಲರಿಗೂ ಆಟದ ಸರದಿ

ಆಟವಾಡುವುದು ಮಕ್ಕಳ ಹಕ್ಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಈ ಹಕ್ಕನ್ನು ಮಾನ್ಯ ಮಾಡಿದ್ದು, ಭಾರತವು 1992ರಲ್ಲಿ ಇದನ್ನು ಅಂಗೀಕರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಮೈದಾನವಿರಬೇಕೆಂದು ವಿಧಿಸಿದೆ. ಆದರೆ ಮೈದಾನವಿದ್ದೂ, ತಂಡದ ಪಟ್ಟಿಯಲ್ಲಿ ಹೆಸರಿದ್ದೂ ಆಡುವ ಸರದಿ ಬಾರದ ಮಗುವಿಗೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಂತಹ ಜನನಿಬಿಡ ನಗರಗಳಲ್ಲಿ ಸರದಿಯ ಹಂಚಿಕೆಗೆ ವಿಶೇಷ ಮಹತ್ವವಿದೆ.

ಕಲ್ಯಾಣದ ಒಂದು ಪಂದ್ಯ

2016ರ ಜನವರಿ 4 ಮತ್ತು 5ರಂದು ಕಲ್ಯಾಣದಲ್ಲಿ ನಡೆದ ಅಂತರಶಾಲಾ ಕ್ರಿಕೆಟ್ ಪಂದ್ಯದಲ್ಲಿ ಕೆ. ಸಿ. ಗಾಂಧಿ ಶಾಲೆಯ ಪ್ರಣವ್ ಧನಾವಡೆ ಔಟಾಗದೆ 1,009 ರನ್ ಗಳಿಸಿದನು. 1899ರಲ್ಲಿ ಇಂಗ್ಲೆಂಡಿನ ಶಾಲಾ ಬಾಲಕ ಎ. ಇ. ಜೆ. ಕಾಲಿನ್ಸ್ ಗಳಿಸಿದ್ದ 628 ರನ್ನುಗಳ ದಾಖಲೆ ಇದರಿಂದ ಹಿಂದೆ ಬಿದ್ದಿತು. ಈ ಸಾಧನೆ ನಿಸ್ಸಂದೇಹವಾಗಿ ಪ್ರಶಂಸಾರ್ಹ.

ಅದೇ ಅಂಕಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ತಂಡವು 3 ವಿಕೆಟ್ ನಷ್ಟಕ್ಕೆ 1,465 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಬ್ಯಾಟು ಹಿಡಿದವರು ಐವರು ಮಾತ್ರ. ಉಳಿದ ಆರು ಬಾಲಕರಿಗೆ ಸರದಿಯೇ ಬರಲಿಲ್ಲ. ಎದುರಾಳಿಗಳು 31 ಮತ್ತು 52 ರನ್ನುಗಳಿಗೆ ಔಟಾಗಿ, ಇನ್ನಿಂಗ್ಸ್ ಹಾಗೂ 1,382 ರನ್ನುಗಳಿಂದ ಸೋತರು. ಇದರಲ್ಲಿ ಯಾವ ಬಾಲಕನ ದೋಷವೂ ಇಲ್ಲ. ಔಟಾಗುವವರೆಗೆ ಆಡುವುದು ಆ ಆಟದ ರೀತಿ. ಆದುದರಿಂದ ಪರಿಹಾರವನ್ನು ನಿಯಮದಲ್ಲಿಯೇ ಹುಡುಕಬೇಕಾಗುತ್ತದೆ.

ಕಾದು ಕುಳಿತವರು

1988ರ ಫೆಬ್ರವರಿಯಲ್ಲಿ ಮುಂಬಯಿಯ ಹ್ಯಾರಿಸ್ ಶೀಲ್ಡ್ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಮುರಿಯದ ಜೊತೆಯಾಟದಲ್ಲಿ 664 ರನ್ ಸೇರಿಸಿದರು. ಮುಂದಿನ ಸರದಿಗಾಗಿ ಪ್ಯಾಡ್ ಕಟ್ಟಿ ಕಾದಿದ್ದ 13 ವರ್ಷದ ಅಮೋಲ್ ಮಜುಂದಾರ್‌ಗೆ ಆಡುವ ಅವಕಾಶ ಒದಗಲಿಲ್ಲ. ಮುಂದೆ 1994ರಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲೇ ಅವರು 260 ರನ್ ಗಳಿಸಿದರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ವಿಶ್ವಕಪ್ ಗೆದ್ದ ಭಾರತೀಯ ಮಹಿಳಾ ತಂಡದ ತರಬೇತುದಾರರೂ ಅವರೇ. ಆದರೆ ಕಾದು ಕುಳಿತ ಮಕ್ಕಳೆಲ್ಲರೂ ಆಟವನ್ನು ಬಿಡದೆ ಮುಂದುವರಿಸುವರೆಂದು ನಿರೀಕ್ಷಿಸಲಾಗದು. ಸರದಿ ಸಿಗದ ಮಗು ಕಲಿಯುವ ಅವಕಾಶವನ್ನೂ, ಕ್ರಮೇಣ ಉತ್ಸಾಹವನ್ನೂ ಕಳೆದುಕೊಳ್ಳುತ್ತದೆ.

ಹಂಚಿಕೆಯ ಕ್ರಮಗಳು

ಕ್ರಿಕೆಟ್: 20 ಓವರುಗಳ ಪಂದ್ಯದಲ್ಲಿ ವಿಕೆಟ್ ಕೀಪರನನ್ನುಳಿದು ಹತ್ತು ಮಕ್ಕಳೂ ತಲಾ ಎರಡು ಓವರು ಬೌಲಿಂಗ್ ಮಾಡಬಹುದು. 25 ರನ್ ಗಳಿಸಿದವರು ನಿವೃತ್ತರಾಗಿ, ಉಳಿದವರೆಲ್ಲರ ಸರದಿ ಮುಗಿದ ಬಳಿಕ ಮತ್ತೆ ಆಡಬಹುದು. ಬ್ಯಾಟಿಂಗ್ ಕ್ರಮವನ್ನು ಪ್ರತಿ ಪಂದ್ಯದಲ್ಲೂ ಬದಲಿಸತಕ್ಕದ್ದು.

ಕಬಡ್ಡಿ: ಅಂಕಣದಲ್ಲಿ ಆಡುವವರು ಏಳು ಮಂದಿ. ತಂಡದಲ್ಲಿ 12 ಮಕ್ಕಳಿದ್ದರೆ ಅಭ್ಯಾಸ ಪಂದ್ಯವನ್ನು ನಾಲ್ಕು ಭಾಗ ಮಾಡಿದಾಗ ಒಟ್ಟು 28 ಸರದಿಗಳು ದೊರೆಯುತ್ತವೆ. ಪ್ರತಿಯೊಬ್ಬರಿಗೂ ಎರಡು ಖಚಿತ. ಮಿಕ್ಕ ನಾಲ್ಕನ್ನು ಪಂದ್ಯಕ್ಕೆ ನಾಲ್ವರಂತೆ ಹಂಚಿದರೆ ಮೂರು ಪಂದ್ಯಗಳಲ್ಲಿ ಎಲ್ಲರೂ ಸಮಾನರಾಗುತ್ತಾರೆ.

ಖೋ-ಖೋ: ಓಟಗಾರರು ಮೂವರಂತೆ ಅಂಕಣಕ್ಕಿಳಿಯುತ್ತಾರೆ. ಮೊದಲ ಮೂವರು ಬಹುಕಾಲ ಉಳಿದರೆ ಕೊನೆಯವರಿಗೆ ಸಮಯ ಸಿಗದು. ಆದ್ದರಿಂದ ಕೊನೆಯ ಮೂವರನ್ನು ಮುಂದಿನ ಪಂದ್ಯದಲ್ಲಿ ಮೊದಲು ಇಳಿಸಬೇಕು.

ಗೆಲುವಿನ ಪ್ರಶ್ನೆ

ಎಲ್ಲರಿಗೂ ಸರದಿ ನೀಡಿದರೆ ಪಂದ್ಯ ಸೋಲಬಹುದೆಂಬ ಆತಂಕ ಸಹಜ. ಚಿಕ್ಕ ಮಕ್ಕಳಲ್ಲಿ ಕಲಿಕೆಯೇ ಮುಖ್ಯವಾದುದರಿಂದ ಸಮಾನ ಹಂಚಿಕೆ ಯುಕ್ತ. ವಯಸ್ಸು ಹೆಚ್ಚಿದಂತೆ, ಮಹತ್ವದ ಪಂದ್ಯಗಳಲ್ಲಿ ಸಾಮರ್ಥ್ಯಕ್ಕೆ ಆದ್ಯತೆ ನೀಡಬಹುದು; ಆಗಲೂ ಅಭ್ಯಾಸದಲ್ಲಿ ಎಲ್ಲರಿಗೂ ಸಮಪಾಲು ಇರಬೇಕು.

ಯಾವುದೇ ಕ್ರಮವಾದರೂ ಪಂದ್ಯಕ್ಕೆ ಮೊದಲೇ ನಿರ್ಧಾರವಾಗಿ, ಮಕ್ಕಳಿಗೂ ಪೋಷಕರಿಗೂ ತಿಳಿದಿರುವುದು ಅಗತ್ಯ. ಆಟದ ಬಿಸಿಯಲ್ಲಿ ತರಬೇತುದಾರರ ಔದಾರ್ಯಕ್ಕೆ ಬಿಟ್ಟ ಸರದಿ ಹಲವು ವೇಳೆ ಬಾರದೇ ಹೋಗುತ್ತದೆ. ಬರೆದಿಟ್ಟ ಸರದಿಯನ್ನು ಮಗು ತನ್ನದೆಂದು ಕೇಳಿ ಪಡೆಯಬಲ್ಲದು.